ನರ್ಸಮ್ಮನ ಬಿಡಾರ

ಪರ್ಲಡ್ಕದ ಕುಕ್ಕಪ್ಪ ಗೌಡರ ಮನೆಯ ಹಿಂದೆ, ದನದ ಹಟ್ಟಿಗೆ ತಾಗಿಕೊಂಡು, ತೆಂಗಿನ ಮಡಲು ಹೊದಿಸಿದ ಒಂದು ಮರೆ ಇತ್ತು. ಮೂರು ಬದಿಗೆ ತಟ್ಟಿ, ನಾಲ್ಕನೆಯ ಬದಿಗೆ ಹಳೆಯ ಗೋಣಿ, ಒಳಗೆ ಒಂದು ಚಪ್ಪಟೆ ಕಲ್ಲು. ಕಮಲಾವತಿ ಪುತ್ತೂರು ಪೇಟೆಯ ಯಾವ ಮನೆಯಲ್ಲಿ ಹೆರಿಗೆ ಮಾಡಿಸಿ ಬಂದರೂ ಮೊದಲು ಆ ಕಲ್ಲಿನ ಮೇಲೆ ಹೋಗಿ ಕೂರಬೇಕಿತ್ತು. ಅತ್ತೆ ತಿಮ್ಮಕ್ಕ ಬಾವಿಯಿಂದ ಸೇದಿ ತಂದ ನೀರನ್ನು ಸೊಸೆಯ ಮೈ ಮುಟ್ಟದೆ, ಎತ್ತರದಿಂದ ಹೊಯ್ಯುತ್ತಿದ್ದಳು. ಉಟ್ಟ ಸೀರೆಯನ್ನು ಅಲ್ಲಿಯೇ ಹಿಂಡಿ, ಬೇರೆ ಸುತ್ತಿಕೊಂಡು, ಅಂಗಳ ತುಳಿಯದೆ ಬೇಲಿಯ ಬದಿಯ ಕಾಲುದಾರಿಯಲ್ಲಿ ಬಳಸಿಕೊಂಡು ಅವಳು ತನ್ನ ಬಿಡಾರಕ್ಕೆ ಬರಬೇಕು. ಬಿಡಾರವೆಂದರೆ ದೊಡ್ಡ ಮನೆಯ ಬಲ ಮಗ್ಗುಲಿಗೆ ಮಾಡು ಇಳಿಸಿ ಕಟ್ಟಿದ ಒಂದು ಕೋಣೆ, ಒಲೆ ಹೂಡುವಷ್ಟು ಒಂದು ಮೂಲೆ. ತಿಂಗಳಿಗೆ ಹತ್ತು ರೂಪಾಯಿ ಬಾಡಿಗೆ.

ಕಮಲಾವತಿ ಐವರ್ನಾಡಿನ ಒಂದು ಗೌಡ ಕುಟುಂಬದ ಸೊಸೆ. ಗಂಡ ಅಚ್ಚುತ ಕೊಡಗಿನ ಕಾಫಿ ತೋಟದಲ್ಲಿ ರೈಟರನಾಗಿದ್ದವನು, ಸಾವಿರದ ಒಂಬೈನೂರ ಐವತ್ತೊಂದರಲ್ಲಿ ಚಳಿಜ್ವರ ಬಂದು ಅಲ್ಲಿಯೇ ತೀರಿಕೊಂಡ. ಆಗ ಅವಳಿಗೆ ಇಪ್ಪತ್ತನಾಲ್ಕು, ಮಗಳು ಗೋದಾವರಿಗೆ ಮೂರು. ಗಂಡನ ಅಣ್ಣ ತೀರ್ಥರಾಮನ ಮನೆಯಲ್ಲಿ ಎರಡು ವರ್ಷ ಅಡುಗೆ, ಹಟ್ಟಿ, ಒಗೆತ ಎಂದು ಇದ್ದಳು. ಯಾರೂ ಅವಳನ್ನು ಬೈಯುತ್ತಿರಲಿಲ್ಲ. ಏನನ್ನೂ ಕೇಳುತ್ತಲೂ ಇರಲಿಲ್ಲ. ಸುಳ್ಯದ ಡಾಕ್ಟರರೊಬ್ಬರು ಮಂಗಳೂರಿನಲ್ಲಿ ಹೆರಿಗೆ ಕೆಲಸ ಕಲಿಸುತ್ತಾರೆಂದು ಹೇಳಿದಾಗ, ಎಂಟನೆಯ ಕ್ಲಾಸು ಓದಿದ್ದ ಕಮಲಾವತಿ ಅರ್ಜಿ ಹಾಕಿದಳು. ಮನೆಯಲ್ಲಿ ಅವಳ ಪರವಾಗಿ ಮಾತಾಡಿದವಳು ಅತ್ತೆ ಒಬ್ಬಳೇ. 'ಹೋಗಲಿ ಅವಳು. ಮಗುವನ್ನು ನಾನು ನೋಡಿಕೊಳ್ತೇನೆ,' ಎಂದಿದ್ದಳು ತಿಮ್ಮಕ್ಕ. ಕಲಿತು ಮುಗಿದು, ಅಲ್ಲಿ ಇಲ್ಲಿ ಇದ್ದು, ಐವತ್ತೇಳರಲ್ಲಿ ಪುತ್ತೂರಿಗೆ ಕೆಲಸವಾದಾಗ ಆ ಮುದುಕಿ ಮೊಮ್ಮಗಳ ಕೈ ಹಿಡಿದುಕೊಂಡು ಸೊಸೆಯ ಹಿಂದೆ ಬಸ್ಸು ಹತ್ತಿ ಬಂದುಬಿಟ್ಟಳು.

ಕುಕ್ಕಪ್ಪ ಗೌಡರು ಮೊದಲು ಕೇಳಿದ್ದು ಒಂದೇ: 'ನಮ್ಮವರೇ ಅಲ್ವಾ?' ಹೌದು ಎಂದ ಮೇಲೆ ಕೀಲಿಕೈ ಕೊಟ್ಟಿದ್ದರು. ಎಂಟು ದಿನ ಕಳೆದು, ಕಮಲಾವತಿ ಏಳ್ಮುಡಿಯಲ್ಲಿ ಒಂದು ಹೆರಿಗೆ ಮುಗಿಸಿ ಬಂದಾಗ, ಕುಕ್ಕಪ್ಪನವರ ಹೆಂಡತಿ ದುಗ್ಗಮ್ಮ ಚಾವಡಿಯಿಂದಲೇ ಕೈ ಅಡ್ಡ ಹಿಡಿದು ತಡೆದಳು.

'ನೀವು ಆಸ್ಪತ್ರೆ ಕೆಲಸ ಹೇಳಿದ್ದಲ್ವಾ? ನಾವು ಮದ್ದು ಕೊಡುವ ಕೆಲಸ ಅಂತ ಗ್ರಹಿಸಿದ್ದು.'

'ಹೆರಿಗೆ ಮಾಡಿಸುದು ನನ್ನ ಕೆಲಸ ದುಗ್ಗಮ್ಮ.'

'ಹಾಗಾದ್ರೆ ಪ್ರತಿ ಸಲ ಅಮೆ ಹೊತ್ತುಕೊಂಡು ಬರುದಲ್ವಾ ನೀವು? ಇದು ದೈವ ಇರುವ ಮನೆ ಮಾರಾಯ್ತಿ.'

ಹೆರಿಗೆಯ ಮೈಲಿಗೆಗೆ ಆ ಕಡೆ ಅಮೆ ಎನ್ನುತ್ತಾರೆ. ಆ ಸಂಜೆಯೇ ಹಟ್ಟಿಯ ಪಕ್ಕದಲ್ಲಿ ಮರೆ ಎದ್ದಿತು. ಕಮಲಾವತಿ ಎದುರು ಮಾತಾಡಲಿಲ್ಲ. ಅವಳೂ ಅಂಥದೇ ಮನೆಯಲ್ಲಿ ಹುಟ್ಟಿ ಬೆಳೆದವಳು, ಕ್ರಮಗಳು ಗೊತ್ತಿದ್ದವು. ಹೇಗಾದರೂ ನಡೆಯುತ್ತದೆ ಎಂದುಕೊಂಡಳು. ನಡೆಯಿತು ಸಹ, ಎರಡು ವರ್ಷ. ಆಟಿ ತಿಂಗಳ ಮಳೆಯಲ್ಲಿ ಗೋಣಿಯ ಸಂದಿನಿಂದ ಗಾಳಿ ನುಗ್ಗುವಾಗ ಕಲ್ಲಿನ ಮೇಲೆ ಕೂತು ಹಲ್ಲು ಕಡಿಯುತ್ತಾ, ಅತ್ತೆ ನೀರು ಹೊಯ್ದು ಮುಗಿಸುವುದನ್ನು ಕಾಯುತ್ತಿದ್ದಳು. ಒಂದೇ ದಿನ ಎರಡು ಹೆರಿಗೆಯಾದರೆ ಎರಡು ಸ್ನಾನ. ಬಾವಿಯ ಹಗ್ಗವನ್ನು ಅವಳು ಮುಟ್ಟುವಂತಿರಲಿಲ್ಲ, ಆದ್ದರಿಂದ ಮನೆಯ ನೀರನ್ನೆಲ್ಲ ಎಪ್ಪತ್ತರ ಹತ್ತಿರದ ತಿಮ್ಮಕ್ಕನೇ ಸೇದುತ್ತಿದ್ದಳು. ಶಾಲೆಯಿಂದ ಬಂದ ಗೋದಾವರಿ ದೊಡ್ಡ ಮನೆಯ ಮೆಟ್ಟಿಲ ಮೇಲೆ ಕೂತರೆ, 'ಅಮ್ಮ ಇವತ್ತು ಎಲ್ಲಿಗೆ ಹೋಗಿದ್ದಾಳೆ?' ಎಂದು ಕೇಳಿ ಏಳಿಸುತ್ತಿದ್ದರು. ಕ್ರಮೇಣ ಹುಡುಗಿ ಯಾರೂ ಹೇಳದೆಯೇ ಅಲ್ಲಿ ಕೂರುವುದನ್ನು ಬಿಟ್ಟಳು. ಅದು ಕಮಲಾವತಿಗೆ ಕಂಡದ್ದು ತಡವಾಗಿ. ಕಂಡ ದಿನ ಅವಳಿಗೆ ಅನ್ನ ಸೇರಲಿಲ್ಲ.

ಅರವತ್ತನೆಯ ಇಸವಿಯ ಜನವರಿಯಲ್ಲಿ ಕುಕ್ಕಪ್ಪ ಗೌಡರು ಅವಳನ್ನು ಅಂಗಳದ ಅಂಚಿಗೆ ಕರೆಸಿದರು. ಅವರು ಜೋರು ಮಾತಿನ ಮನುಷ್ಯನಲ್ಲ. ಹೆಗಲ ಬೈರಾಸನ್ನು ತೆಗೆದು ಮುಖ ಒರೆಸಿಕೊಂಡೇ ಮಾತು ಶುರು ಮಾಡುವವರು.

'ಏಪ್ರಿಲಿನಲ್ಲಿ ನಮ್ಮ ದೈವಕ್ಕೆ ದೊಡ್ಡ ಮಟ್ಟಿನ ತಂಬಿಲ ಸೇವೆ ಉಂಟು ನರ್ಸಮ್ಮ. ಕುಟುಂಬದವರೆಲ್ಲ ಬರ್ತಾರೆ. ನಿಮ್ಮ ಕೆಲಸ ತಪ್ಪು ಅಂತ ನಾನು ಹೇಳುದಿಲ್ಲ. ಆದರೆ ಅಷ್ಟರೊಳಗೆ ಬೇರೆ ಬಿಡಾರ ನೋಡಿಕೊಂಡ್ರೆ ಒಳ್ಳೆದು.'

'ಎಲ್ಲಿ ನೋಡುದು ಕುಕ್ಕಪ್ಪಣ್ಣ?'

'ಪೇಟೆಯಲ್ಲಿ ನಿಮಗೆ ಗೊತ್ತಿಲ್ಲದ ಮನೆ ಯಾವುದುಂಟು?'

ಅದು ನಿಜ. ಮನೆಗಳು ಗೊತ್ತಿದ್ದವು, ಒಳಕೋಣೆಗಳ ತನಕ ಗೊತ್ತಿದ್ದವು. ಮರುದಿನದಿಂದ ಅವಳು ಕೆಲಸ ಮುಗಿದ ಮೇಲೆ ಕೊಡೆ ಹಿಡಿದುಕೊಂಡು ಅದೇ ಮನೆಗಳ ಎದುರು ಬಾಗಿಲಿಗೆ ಹೋಗತೊಡಗಿದಳು.

ಬೊಳುವಾರಿನಲ್ಲಿ ಒಬ್ಬ ವಕೀಲರ ಗುಮಾಸ್ತನ ಮನೆಯ ಮಾಳಿಗೆ ಖಾಲಿ ಇತ್ತು. ಅವನ ಹೆಂಡತಿ ಕೂರಲು ಚಾಪೆ ಹಾಕಿ, ನೀರು ಬೆಲ್ಲ ಕೊಟ್ಟು, ಆಮೇಲೆ ವಿಚಾರಿಸಿದಳು.

'ಮನೆಯಲ್ಲಿ ಗಂಡಸರು ಯಾರು ಇರುದು?'

'ಯಾರೂ ಇಲ್ಲ. ಅತ್ತೆ, ಮಗಳು, ನಾನು.'

'ಹೊತ್ತಲ್ಲದ ಹೊತ್ತಿನಲ್ಲಿ ಗಂಡಸರು ಬಂದು ನಿಮ್ಮ ಬಾಗಿಲು ಬಡಿದ್ರೆ ನೆರೆಕರೆಯವರಿಗೆ ನಾವು ಎಂತ ಹೇಳುದು?'

'ಹೆಂಡತಿಗೆ ನೋವು ಬಂದವರು ಬಡಿಯುದಮ್ಮ. ನಿಮ್ಮ ಯಜಮಾನರೂ ಒಂದು ದಿನ ಬಡಿದಿದ್ದಾರೆ.'

ಆ ಹೆಂಗಸಿನ ಮುಖ ಕೆಂಪಾಯಿತು. ಅಲ್ಲಿಗೆ ಆ ಮನೆ ಮುಗಿಯಿತು. ಹಾಗೆ ಹೇಳಬಾರದಿತ್ತು ಎಂದು ಕಮಲಾವತಿ ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡಳು.

ದರ್ಬೆಯಲ್ಲಿ ಹೊಸ ಹಂಚಿನ ಮನೆಯೊಂದಿತ್ತು. ಯಜಮಾನ ಏನನ್ನೂ ಕೇಳಲಿಲ್ಲ. ಜಾತಿ ಕೇಳಲಿಲ್ಲ, ಗಂಡನನ್ನು ಕೇಳಲಿಲ್ಲ, ಕೆಲಸವನ್ನೂ ಕೇಳಲಿಲ್ಲ. ಎರಡು ಕೋಣೆ, ಬೇರೆ ಬಾವಿ, ಬೇರೆ ಬಚ್ಚಲು. ಅವಳು ಬಚ್ಚಲಿನ ಬಾಗಿಲನ್ನು ಎರಡು ಸಲ ತೆರೆದು ಮುಚ್ಚಿ ನೋಡಿದಳು. ಒಳಗಿನಿಂದ ಚಿಲಕವಿತ್ತು. ಬಾಡಿಗೆ ಮೂವತ್ತೈದು ರೂಪಾಯಿ ಎಂದಾಗ ಹೊರಗೆ ಬಂದಳು. ಅವಳ ಸಂಬಳ ಎಪ್ಪತ್ತರೊಳಗೆ.

ಕಲ್ಲಾರೆಯ ಮನೆಯೇ ಹೆಚ್ಚು ನೋಯಿಸಿದ್ದು. ಒಬ್ಬ ಮುದುಕ, ಪಿಂಚಣಿಯ ಶಾಲಾ ಮಾಸ್ತರು, ಹಿಂದಿನ ವರ್ಷವಷ್ಟೇ ಅವರ ಮೊಮ್ಮಗನನ್ನು ಈ ಲೋಕಕ್ಕೆ ತಂದವಳು ಕಮಲಾವತಿ. 'ನಿಮಗೆ ಕೊಡದೆ ಯಾರಿಗೆ ಕೊಡುದು?' ಎಂದು ಮುಂಗಡ ತೆಗೆದುಕೊಂಡರು. ಒಂದು ಆದಿತ್ಯವಾರ ತಿಮ್ಮಕ್ಕ ಹೋಗಿ ನೆಲಕ್ಕೆ ಸೆಗಣಿ ಸಾರಿಸಿ ಬಂದಳು. ಮುಂದಿನ ಆದಿತ್ಯವಾರ ಎತ್ತಿನ ಗಾಡಿಗೆ ಪಾತ್ರೆ, ಚಾಪೆ, ಅಕ್ಕಿ ಮುಡಿ, ಗೋದಾವರಿಯ ಪುಸ್ತಕ ಎಲ್ಲ ಹೇರಿಕೊಂಡು ಮೂವರೂ ಕಲ್ಲಾರೆಗೆ ಹೋದರು. ಕೋಣೆಯಲ್ಲಿ ಯಾರದ್ದೋ ಮಂಚ ಇತ್ತು. ಗೋಡೆಗೆ ಯಾರದ್ದೋ ಅಂಗಿ ನೇತಾಡುತ್ತಿತ್ತು. ಮಾಸ್ತರು ಒಳಗಿನಿಂದ ಬಂದು ಮುಂಗಡದ ನೋಟುಗಳನ್ನು ಚಾಚಿದರು. ಮುಖ ಎತ್ತಲಿಲ್ಲ.

'ಮನೆಯವಳು ಒಪ್ಪುದಿಲ್ಲ ಕಮಲಮ್ಮ. ನೀವು ಬೇಸರ ಮಾಡಬಾರದು.'

'ಮೊದಲೇ ಒಂದು ಮಾತು ಹೇಳಿ ಕಳಿಸಬಹುದಿತ್ತಲ್ವಾ ಮಾಸ್ಟ್ರೆ? ಗಾಡಿ ಹೊರಡುವ ಮೊದಲು?'

ಅವರು ನೋಟುಗಳನ್ನು ಗಾಡಿಯ ಮೇಲಿಟ್ಟು ಒಳಗೆ ಹೋದರು. ಗಾಡಿ ಹೊಡೆಯುವ ಬೋಜ ಎತ್ತುಗಳನ್ನು ತಿರುಗಿಸಿದ. ಹಗಲು ಹನ್ನೊಂದು ಗಂಟೆಯ ಬಿಸಿಲಿನಲ್ಲಿ, ಅಂಗಡಿಗಳವರೆಲ್ಲ ನೋಡುತ್ತಿರುವಂತೆ, ಪೇಟೆಯ ನಡುವಿನಿಂದ ಗಾಡಿ ಪರ್ಲಡ್ಕಕ್ಕೆ ವಾಪಸು ಬಂತು. ಗೋದಾವರಿ ಗಾಡಿಯಿಂದ ಇಳಿದು, ಅದರ ಹಿಂದೆ, ಪರಿಚಯವಿಲ್ಲದವಳಂತೆ ನಡೆದು ಬಂದಳು. ಕುಕ್ಕಪ್ಪ ಗೌಡರ ಬೇಲಿಯ ತಡಮೆಯ ಹತ್ತಿರ ಕಮಲಾವತಿಗೆ ಕಾಲು ಮುಂದೆ ಹೋಗಲಿಲ್ಲ. ಚಾವಡಿಯಲ್ಲಿ ದುಗ್ಗಮ್ಮ ಎಲೆ ಅಡಿಕೆ ಹಾಕುತ್ತಾ ಕೂತಿದ್ದಳು. ಕೊನೆಗೆ ತಿಮ್ಮಕ್ಕನೇ ಮುಂದೆ ಹೋಗಿ, 'ಕೋಣೆಯ ಕೀಲಿಕೈ ಕೊಡಿ ದುಗ್ಗಮ್ಮ. ಇನ್ನೂ ಸ್ವಲ್ಪ ದಿನ ನಾವಿಲ್ಲೇ,' ಎಂದು ಕೈ ಚಾಚಿದಳು.

ಆ ವಾರವೇ ಕೂರ್ನಡ್ಕದಲ್ಲಿ ಒಂದು ಹೆರಿಗೆಗೆ ಹೋದಾಗ ಪಕ್ಕದ ಮನೆಯ ಕದೀಜಮ್ಮ ಮಾತಿಗೆ ಬಂದಳು. ಐವತ್ತು ದಾಟಿದ ಬ್ಯಾರಿ ಹೆಂಗಸು, ಗಂಡ ಸತ್ತವಳು. ಒಬ್ಬನೇ ಮಗ ಬೊಂಬಾಯಿಯ ಹೋಟೆಲಿನಲ್ಲಿ. ಬೀಡಿ ಕಟ್ಟಿ ಬದುಕುತ್ತಿದ್ದಳು.

'ನೀವು ಮನೆ ಹುಡುಕುದಂತೆ. ನನ್ನ ಮನೆಯ ಅರ್ಧ ಖಾಲಿ ಉಂಟು. ಹನ್ನೆರಡು ರೂಪಾಯಿ. ಅದಕ್ಕಿಂತ ಕಡಿಮೆ ಕೇಳಬೇಡಿ.'

'ನಿಮ್ಮವರು ಏನೂ ಹೇಳುದಿಲ್ವಾ?'

'ಹೇಳ್ತಾರೆ. ಹೇಳುವವರು ಬಾಡಿಗೆ ಕೊಡುದಿಲ್ಲ. ನಾಯಿ ಸಾಕಬಾರದು, ನನ್ನ ಕೋಳಿಗಳಿಗೆ ಕಲ್ಲು ಹೊಡೆಯಬಾರದು. ಮತ್ತೆ ನಿಮ್ಮ ದೀಪ ನಿಮಗೆ, ನನ್ನ ನಮಾಜು ನನಗೆ.'

ಕಮಲಾವತಿ ಯೋಚಿಸಿ ಹೇಳುತ್ತೇನೆ ಎಂದಳು. ಹತ್ತು ದಿನ ಕಳೆಯುವಷ್ಟರಲ್ಲಿ ಸುದ್ದಿ ಐವರ್ನಾಡಿಗೆ ತಲುಪಿ, ಭಾವ ತೀರ್ಥರಾಮ ಬಿಳಿ ಪಂಚೆ ಉಟ್ಟು, ಒಂದು ಬಾಳೆಗೊನೆ ಹಿಡಿದುಕೊಂಡು ಬಂದ. ಅವನು ಕೆಟ್ಟವನಲ್ಲ. ಬಾಗಿಲ ಬಳಿ ಕೂತು, ಕೋಣೆಯನ್ನೊಮ್ಮೆ ಕಣ್ಣಾಡಿಸಿ ನೋಡಿ, ನಿಟ್ಟುಸಿರು ಬಿಟ್ಟ.

'ಅಲ್ಲಿಗೆ ಹೋಗುದಾದ್ರೆ ನೀನು ನಮ್ಮ ಮನೆಗೆ ಬರುವ ಹಾಗಿಲ್ಲ ಕಮಲ. ನಾನು ಹೇಳುದಲ್ಲ, ಕುಟುಂಬ ಹೇಳ್ತದೆ. ನಾಳೆ ಈ ಗೂಡೆಯನ್ನು, ನಿನ್ನ ಮಗಳನ್ನು, ಯಾರಿಗೆ ಕೊಡುದು? ಯಾರ ಮನೆಯಲ್ಲಿ ಬೆಳೆದವಳು ಅಂತ ಕೇಳಿದ್ರೆ ಎಂತ ಹೇಳುದು ನಾನು?'

'ಬೇರೆ ಮನೆ ಸಿಕ್ಕುದಿಲ್ಲ ಭಾವ.'

'ಕೆಲಸ ಬಿಟ್ಟು ಊರಿಗೆ ಬಾ. ಮೂರು ಹೊಟ್ಟೆಗೆ ಅಕ್ಕಿ ಇಲ್ವಾ ನಮ್ಮಲ್ಲಿ?'

ಅಕ್ಕಿ ಇತ್ತು. ಆ ಮನೆಯ ಅಡುಗೆಕೋಣೆಯ ಕತ್ತಲೆ ಮೂಲೆ, ಅಲ್ಲಿ ಕಳೆದ ಎರಡು ವರ್ಷ ಕಮಲಾವತಿಯ ಕಣ್ಣ ಮುಂದೆ ಬಂತು. ಕೂರ್ನಡ್ಕಕ್ಕೆ ಹೋದರೆ ಮಗಳ ದಾರಿ ಮುಚ್ಚುತ್ತದೆ, ಐವರ್ನಾಡಿಗೆ ಹೋದರೆ ತನ್ನದು. ಇಲ್ಲಿ ಏಪ್ರಿಲ್ ತನಕ ಮಾತ್ರ. ಭಾವ ಹೋದ ಮೇಲೆ ಅವಳು ಕದೀಜಮ್ಮನಿಗೆ ಆಗುವುದಿಲ್ಲವೆಂದು ಹೇಳಿ ಕಳಿಸಿದಳು. ಅಂದಿನಿಂದ ಅವಳಿಗೆ ಒಂದು ಅಭ್ಯಾಸವಾಯಿತು. ಹೆರಿಗೆಯ ಮನೆಗಳಲ್ಲಿ ನೋವು ಬಿಟ್ಟು ಬಿಟ್ಟು ಬರುವ ಬಸುರಿಯ ಬಳಿ ಕೂತಿರುವಾಗ ಮೇಲೆ ನೋಡಿ ಆ ಕೋಣೆಯ ಉದ್ದಗಲ ಅಳೆಯುತ್ತಿದ್ದಳು. ಇಲ್ಲಿ ಅತ್ತೆಯ ಚಾಪೆ, ಅಲ್ಲಿ ಮಗಳ ಪುಸ್ತಕ, ಇಲ್ಲಿ ಅಕ್ಕಿ ಮುಡಿ. ಹಾಗೆ ಎಣಿಸುತ್ತಿದ್ದೇನೆಂದು ಗೊತ್ತಾದಾಗ ಅವಳಿಗೇ ನಾಚಿಕೆಯಾಗುತ್ತಿತ್ತು.

ಮಾರ್ಚ್ ತಿಂಗಳಲ್ಲಿ ಕುಕ್ಕಪ್ಪ ಗೌಡರ ಮಗಳು ವೇದಾವತಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಅವಳಿಗಾಗಿ ಊರಿನ ಹಳೆಯ ಸೂಲಗಿತ್ತಿ ಚೆನ್ನುವಿಗೆ ಹೇಳಿ ಇಟ್ಟಿದ್ದರು. ತಂಬಿಲ ಮುಗಿದು ಒಂದು ವಾರಕ್ಕೆ ದಿನ ತುಂಬುತ್ತದೆ ಎಂಬುದು ದುಗ್ಗಮ್ಮನ ಲೆಕ್ಕ. ಆದರೆ ಮೂರು ವಾರ ಮೊದಲೇ, ಒಂದು ಬುಧವಾರ ಬೆಳಗ್ಗೆ ಹಪ್ಪಳದ ಹಿಟ್ಟು ನಾದುತ್ತಿದ್ದಾಗ ವೇದಾವತಿ ಸೊಂಟ ಹಿಡಿದುಕೊಂಡು ಕುಸಿದಳು. ಚೆನ್ನು ಬಂದು ನೋಡಿ, ಒಂದು ಗಂಟೆ ಕಳೆದ ಮೇಲೆ ಕೈ ಚೆಲ್ಲಿದಳು. ಮಗುವಿನ ಕಾಲು ಮುಂದಾಗಿತ್ತು.

ದುಗ್ಗಮ್ಮ ಅಂಗಳ ದಾಟಿ ಬಿಡಾರದ ಬಾಗಿಲಿಗೆ ಓಡಿ ಬಂದಳು. ಆ ಬಾಗಿಲಿಗೆ ಅವಳು ಬಂದದ್ದು ಅದೇ ಮೊದಲು.

'ಕಮಲ, ನನ್ನ ಮಗಳು...'

ಕಮಲಾವತಿ ಚೀಲ ಎತ್ತಿಕೊಂಡು ಅಂಗಳದ ನಡುವಿನಿಂದಲೇ ನಡೆದಳು. ಯಾರೂ ತಡೆಯಲಿಲ್ಲ. 'ನೀರು ಕುದಿಸಿ. ಕಿಟಿಕಿ ತೆರೆಯಿರಿ. ಗಂಡಸರು ಬಾಗಿಲಿನಿಂದ ಆಚೆ ಹೋಗಿ,' ಎಂದಳು. ಅವಳ ದನಿ ಆ ಮನೆಯಲ್ಲಿ ಅಷ್ಟು ಗಟ್ಟಿಯಾಗಿ ಹಿಂದೆ ಕೇಳಿರಲಿಲ್ಲ. ವೇದಾವತಿ ಅವಳ ಮೊಣಕೈಯನ್ನು ಉಗುರು ಊರುವಂತೆ ಹಿಡಿದುಕೊಂಡು, 'ಅಕ್ಕ, ನಾನು ಸಾಯ್ತೇನಾ?' ಎಂದು ಮತ್ತೆ ಮತ್ತೆ ಕೇಳಿದಳು. 'ಇಲ್ಲ. ನಾನು ಹೇಳುವಾಗ ಮಾತ್ರ ಮುಕ್ಕಿ ಒತ್ತು. ಈಗ ಬೇಡ. ಈಗ ಉಸಿರು ಬಿಡು.' ಮಧ್ಯಾಹ್ನ ಎರಡರ ಹೊತ್ತಿಗೆ ಸೊಂಟದ ತನಕ ಬಂದ ಮಗು ನಿಂತಿತು. ಕೈಗಳನ್ನು ಒಂದೊಂದಾಗಿ ಬಿಡಿಸಿ, ತಲೆಯನ್ನು ಎಳೆಯದೆ, ಮಗುವಿನ ಭಾರಕ್ಕೇ ಜಾರಿ ಬರಲು ಬಿಟ್ಟು ಅವಳು ಕಾದಳು. ಅಷ್ಟು ಹೊತ್ತು ಕಾಯುವುದೇ ಆ ಕೆಲಸದಲ್ಲಿ ಕಷ್ಟದ್ದು. ಹೆಣ್ಣು ಮಗು ನೀಲಿಯಾಗಿ ಹುಟ್ಟಿತು, ಬೆನ್ನು ತಿಕ್ಕಿ ಬಾಯಿ ಒರೆಸಿದ ಮೇಲೆ ಅತ್ತಿತು.

ಹೊರಗೆ ಕುಕ್ಕಪ್ಪ ಗೌಡರು ಕಂಬಕ್ಕೆ ಒರಗಿ ಕೂತು ಅಳುತ್ತಿದ್ದರು.

ಈಗ ಆ ಮನೆಗೇ ಅಮೆ ಬಂದಿತ್ತು. ಹದಿನಾರು ದಿನ ದೈವದ ಕೋಣೆಯ ಬಾಗಿಲು ಯಾರೂ ಮುಟ್ಟುವಂತಿಲ್ಲ. ತಂಬಿಲವನ್ನು ಮುಂದೆ ಹಾಕಬೇಕಾಯಿತು. ಎಲ್ಲರಿಗೂ ಮೈಲಿಗೆಯಾದ್ದರಿಂದ ಕಮಲಾವತಿಯನ್ನು ದೂರವಿಡಲು ಯಾರಿಗೂ ಕಾರಣ ಉಳಿಯಲಿಲ್ಲ. ದಿನಕ್ಕೆ ಎರಡು ಸಲ ಬಾಣಂತಿಯನ್ನು ನೋಡಲು ಅವಳು ಚಾವಡಿ ದಾಟಿ ಒಳಗೆ ಹೋದಳು. ದುಗ್ಗಮ್ಮ ಪಕ್ಕದಲ್ಲಿ ಕೂರಿಸಿಕೊಂಡು ಕಷಾಯ ಕೊಟ್ಟಳು. ಗೋದಾವರಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ದೊಡ್ಡ ಮನೆಯ ಮೆಟ್ಟಿಲಲ್ಲಿ ಕೂತಳು. ಪೇಟೆಯಲ್ಲಿ ಹೆರಿಗೆ ಮುಗಿಸಿ ಬಂದಾಗಲೂ ಕಮಲಾವತಿ ಮರೆಗೆ ಹೋಗಲಿಲ್ಲ. ಬಾವಿಕಟ್ಟೆಯಲ್ಲಿ ತಾನೇ ನೀರು ಸೇದಿ, ಬಿಸಿ ಮಾಡಿ, ಮನೆಯವರ ಬಚ್ಚಲಲ್ಲಿ ಮಿಂದಳು. ತಿಮ್ಮಕ್ಕ ಕೈ ಕಟ್ಟಿ ನಿಂತು ನೋಡಿದಳು.

ಹದಿಮೂರನೆಯ ದಿನ ಕುಕ್ಕಪ್ಪ ಗೌಡರು ಬೈರಾಸಿನಿಂದ ಮುಖ ಒರೆಸಿಕೊಳ್ಳುತ್ತಾ ಬಂದರು.

'ನಾನು ಆವತ್ತು ಹೇಳಿದ್ದನ್ನು ಮರೆತುಬಿಡಿ ಕಮಲಕ್ಕ. ನೀವು ಎಲ್ಲಿಗೂ ಹೋಗುದು ಬೇಡ. ಎಷ್ಟು ವರ್ಷ ಬೇಕಾದ್ರೂ ಇರಿ.'

ಕಮಲಾವತಿಯ ಕಣ್ಣು ತುಂಬಿತು. 'ದೊಡ್ಡ ಉಪಕಾರ ಕುಕ್ಕಪ್ಪಣ್ಣ.'

'ಉಪಕಾರ ಎಂತದ್ದು? ಶುಕ್ರವಾರ ಶುದ್ಧ ಆಗ್ತದೆ. ಮಡಿವಾಳ್ತಿ ಬರ್ತಾಳೆ. ಮತ್ತೆ ಕ್ರಮ ಕ್ರಮವೇ, ಅದು ನಿಮಗೂ ಗೊತ್ತುಂಟು. ಆದ್ರೆ ಆ ಮರೆಯನ್ನು ನಾನು ಹೊಸತು ಮಾಡಿಸಿ ಕೊಡ್ತೇನೆ. ಮಡಲು ತೆಗೆದು ಹಂಚು ಹಾಕಿಸುವ. ಕೆಳಗೆ ಸಿಮೆಂಟು. ಮಳೆಗಾಲದಲ್ಲಿ ನಿಮಗೆ ಕಷ್ಟ ಆಗುದು ಬೇಡ.'

ಅವರು ಅದನ್ನು ಪ್ರೀತಿಯಿಂದಲೇ ಹೇಳಿದರು. ಅವರ ಮುಖದಲ್ಲಿ ಕೊಡುವವನ ಸಂತೋಷವಿತ್ತು. ಕಮಲಾವತಿ ತಲೆಯಾಡಿಸಿದಳು, ಒಳಗೆ ಬಂದು ಬಾಗಿಲು ಹಾಕಿಕೊಂಡಳು. ಮಡಲಿನ ಮರೆ ಎಂದಾದರೂ ಗಾಳಿಗೆ ಹಾರಿ ಹೋಗಬಹುದೆಂದು ಅವಳ ಮನಸ್ಸಿನ ಯಾವುದೋ ಮೂಲೆ ನಂಬಿತ್ತು. ಹಂಚು, ಸಿಮೆಂಟು ಹಾಗಲ್ಲ. ಅದು ಅವಳು ಮುದುಕಿಯಾಗುವ ತನಕ ಇರುತ್ತದೆ. ಗೋದಾವರಿ ಅದನ್ನು ನೋಡುತ್ತಾ ದೊಡ್ಡವಳಾಗುತ್ತಾಳೆ.

'ಅತ್ತೆ, ನನ್ನಿಂದ ಇನ್ನು ಆಗುದಿಲ್ಲ,' ಎಂದಳು.

ತಿಮ್ಮಕ್ಕ ಬತ್ತಿ ಹೊಸೆಯುತ್ತಿದ್ದಳು. 'ಎಂತ ಆಗುದಿಲ್ಲ?'

'ಬೈದು ಹೊರಗೆ ಹಾಕಿದ್ರೆ ಸಹಿಸುತ್ತಿದ್ದೆ. ಹೀಗೆ ಒಳ್ಳೆ ಮಾತಿನಲ್ಲಿ ಅಲ್ಲಿ ಕೂರಿಸಿದ್ರೆ ಏಳ್ಲಿಕ್ಕೆ ಆಗುದಿಲ್ಲ. ಶುಕ್ರವಾರಕ್ಕೆ ಮೊದಲೇ ಹೋಗುವ.'

'ಕೂರ್ನಡ್ಕಕ್ಕಾ?'

'ಬೇರೆ ಎಲ್ಲಿ ಉಂಟು?' ಆಮೇಲೆ ಅವಳೇ ಹೇಳಿದಳು, 'ನೀವು ಬೇಕಾದ್ರೆ ಭಾವನಲ್ಲಿಗೆ ಹೋಗಿ. ನಿಮ್ಮನ್ನು ಅಲ್ಲಿ ಯಾರೂ ಬೇಡ ಅನ್ನುದಿಲ್ಲ. ನನ್ನಿಂದಾಗಿ ನಿಮಗೆ ಮನೆ ತಪ್ಪುದು ಬೇಡ.'

ಮುದುಕಿ ಇನ್ನೊಂದು ಬತ್ತಿ ಹೊಸೆದು ಬದಿಗಿಟ್ಟಳು. ಅವಳಿಗೂ ಅದು ಸುಲಭದ ಮಾತಾಗಿರಲಿಲ್ಲ. ಐವರ್ನಾಡಿನ ಆ ಮನೆಗೆ ಅವಳು ಹದಿಮೂರನೆಯ ವಯಸ್ಸಿನಲ್ಲಿ ಕಾಲಿಟ್ಟವಳು, ಗಂಡ ಅಲ್ಲಿ ಸತ್ತವನು, ತನ್ನ ಕೊನೆಯೂ ಅಲ್ಲಿಯೇ ಎಂದುಕೊಂಡವಳು. 'ನಾನು ಮೀನು ಬೇಯಿಸುವಾಗ ಆ ಹೆಂಗಸಿನ ಕೋಳಿಗಳು ಒಳಗೆ ಬಂದ್ರೆ ನಾನು ಓಡಿಸುವವಳೇ,' ಎಂದಳು ಕೊನೆಗೆ. 'ಅದನ್ನು ಮೊದಲೇ ಅವಳಿಗೆ ಹೇಳಿಬಿಡು.'

ಕದೀಜಮ್ಮನ ಮನೆಯ ಅರ್ಧ ಇನ್ನೂ ಖಾಲಿಯೇ ಇತ್ತು. ಗುರುವಾರ ಬೆಳಗ್ಗೆ ಬೋಜನ ಗಾಡಿ ಬಂತು. ಕುಕ್ಕಪ್ಪ ಗೌಡರಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. 'ನಾವು ಎಂತ ತಪ್ಪು ಮಾಡಿದ್ದು?' ಎಂದು ಎರಡು ಸಲ ಕೇಳಿದರು. ಕಮಲಾವತಿ, ಏನೂ ಇಲ್ಲ, ಏನೂ ಇಲ್ಲ ಎಂದಳು. ಕೂರ್ನಡ್ಕಕ್ಕೆ ಎಂದು ಗೊತ್ತಾದಾಗ ದುಗ್ಗಮ್ಮ ಒಳಗೆ ಹೋಗಿ ಮತ್ತೆ ಹೊರಗೆ ಬರಲಿಲ್ಲ. ವೇದಾವತಿ ಮಾತ್ರ ಕಿಟಿಕಿಯ ಸರಳು ಹಿಡಿದು ನಿಂತು ಗಾಡಿ ಹೋಗುವ ತನಕ ನೋಡಿದಳು.

ಕದೀಜಮ್ಮನ ಮನೆ ಸುಖದ ಮನೆಯೇನೂ ಆಗಿರಲಿಲ್ಲ. ಬೀಡಿಯ ಹೊಗೆಸೊಪ್ಪಿನ ಘಾಟಿಗೆ ಗೋದಾವರಿಗೆ ಕೆಮ್ಮು ಹಿಡಿಯಿತು. ಇಬ್ಬರು ಮುದುಕಿಯರಿಗೂ ಕೋಳಿಯ ವಿಷಯದಲ್ಲಿ ವಾರಕ್ಕೊಂದು ಜಗಳ. ಪೇಟೆಯ ಕೆಲವು ಮನೆಗಳವರು ಕಮಲಾವತಿಯನ್ನು ಕರೆಯುವುದನ್ನು ನಿಲ್ಲಿಸಿದರು, ಆಮೇಲೆ ಕಷ್ಟದ ಹೆರಿಗೆಗಳಿಗೆ ಮಾತ್ರ ಕರೆದರು. ತೀರ್ಥರಾಮ ಹೇಳಿದಂತೆಯೇ ನಡೆದುಕೊಂಡ. ಅವನ ದೊಡ್ಡ ಮಗನ ಮದುವೆಯ ಕಾಗದ ತಿಮ್ಮಕ್ಕನ ಹೆಸರಿಗೆ ಮಾತ್ರ ಬಂತು. ಅವಳು ಹೋಗಲಿಲ್ಲ. ಮದುವೆಯ ದಿನ ಬೆಳಗ್ಗಿನಿಂದ ಸಂಜೆಯ ತನಕ ಮೆಟ್ಟಿಲಲ್ಲಿ ಕೂತು ಸುಳ್ಯದ ಕಡೆಯ ಬಸ್ಸುಗಳನ್ನು ನೋಡಿದಳು. ಸೊಸೆ ಊಟಕ್ಕೆ ಕರೆದಾಗ, ಹಸಿವಿಲ್ಲ ಎಂದಳು. ಮುಂದಿನ ವರ್ಷದ ಚಳಿಗಾಲದಲ್ಲಿ ತಿಮ್ಮಕ್ಕ ಕೂರ್ನಡ್ಕದ ಮನೆಯಲ್ಲಿಯೇ ತೀರಿಕೊಂಡಳು. ತೀರ್ಥರಾಮ ಬಂದು ಹೆಣವನ್ನು ಐವರ್ನಾಡಿಗೆ ಒಯ್ದ. ಕಮಲಾವತಿಯನ್ನು ಕರೆಯಲೂ ಇಲ್ಲ, ಬರಬೇಡವೆಂದೂ ಹೇಳಲಿಲ್ಲ. ಅವಳು ಮಗಳನ್ನು ಕರೆದುಕೊಂಡು ಮುಂದಿನ ಬಸ್ಸಿನಲ್ಲಿ ಹೋಗಿ, ಗದ್ದೆಯ ಬದುವಿನಲ್ಲಿ ನಿಂತು ಹೊಗೆ ಕಾಣುವ ತನಕ ನೋಡಿ ಹಿಂದಿರುಗಿದಳು.

ಅರವತ್ತಾರರಲ್ಲಿ ಅವಳಿಗೆ ಕಡಬದ ಕಡೆಗೆ ವರ್ಗವಾಯಿತು. ಅಲ್ಲಿ ಸರಕಾರ ಕಟ್ಟಿಸಿದ ಎರಡು ಕೋಣೆಯ ಮನೆ ಇತ್ತು. ಗೋದಾವರಿ ಆಗ ಮಂಗಳೂರಿನಲ್ಲಿ ಟೀಚರ್ ತರಬೇತಿಗೆ ಸೇರಿದ್ದಳು. ಅವಳಿಗೆ ಬಂದ ಎರಡು ಸಂಬಂಧಗಳು, ಎಲ್ಲಿ ಬೆಳೆದದ್ದು ಎಂಬ ಮಾತಿನಲ್ಲಿ ತಪ್ಪಿದ್ದವು. ಮೂರನೆಯದ್ದನ್ನು ಹುಡುಗಿಯೇ ಬೇಡವೆಂದಳು. ವರ್ಗದ ಸುದ್ದಿ ಕೇಳಿ ಕದೀಜಮ್ಮನಿಗೆ ಸಿಟ್ಟು ಬಂತು. ಒಂದು ತಿಂಗಳಾದರೂ ಮೊದಲು ಹೇಳಬೇಕಿತ್ತು, ಈಗ ಈ ಮಳೆಗಾಲಕ್ಕೆ ತಾನು ಬಾಡಿಗೆಗೆ ಯಾರನ್ನು ಹುಡುಕುವುದು ಎಂದು ಮೂರು ದಿನ ಮಾತು ಬಿಟ್ಟಳು. ನಾಲ್ಕನೆಯ ದಿನ ತಾನಾಗಿಯೇ ಬಂದು ಪಾತ್ರೆ ಕಟ್ಟಲು ಕೂತಳು.

'ಅಲ್ಲಿ ಬಾಡಿಗೆ ಎಷ್ಟು?' ಎಂದು ಕೇಳಿದಳು.

'ಸಂಬಳದಲ್ಲಿ ಹಿಡಿಯುದು.'

'ಯಾರನ್ನೂ ಕೇಳ್ಲಿಕ್ಕಿಲ್ವಾ?'

'ಇಲ್ಲ,' ಎಂದಳು ಕಮಲಾವತಿ. 'ಕಾಗದದಲ್ಲಿ ನನ್ನ ಹೆಸರು ಬರೆದು ಕಳಿಸಿದ್ದಾರೆ.'

ಕದೀಜಮ್ಮ ಆ ಕಾಗದವನ್ನು ತೆಗೆದು ತೋರಿಸಲು ಹೇಳಿದಳು. ಅವಳಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಹೆಸರು ಯಾವ ಜಾಗದಲ್ಲಿ ಉಂಟು ಎಂದು ಕೇಳಿ, ಅಲ್ಲಿ ಬೆರಳಿಟ್ಟು ನೋಡಿ, ಮಡಚಿ ವಾಪಸು ಕೊಟ್ಟಳು.